ಕ್ಲಿಕ್ ಇಲಾಖೆಗೆ ಹಿಂಬಾಗಿಲು

ವಿಂಡೋಸ್ ಫಾರ್ಮ್ಸ್ ಅಂದರೆ ಬಟನ್, ಮೆನು ಇರುವ ವಿಂಡೋಸ್ ಪ್ರೋಗ್ರಾಂ ಕಟ್ಟುವ ಮೈಕ್ರೋಸಾಫ್ಟ್‌ನ ಸಲಕರಣೆ. ಅದರಲ್ಲಿ ಒಂದು ಬಟನ್‌ನ ಬಣ್ಣ ಬೇಕಾ? ತಗೊಳ್ಳಿ. ಅಗಲ, ಎತ್ತರ, ಫಾಂಟ್, ಮೇಲಿರುವ ಅಕ್ಷರ? ಎಲ್ಲವನ್ನೂ ಓದಿ ಇನ್ನೊಂದು ಬಟನ್‌ಗೆ ಹಾಕಬಹುದು. ಒತ್ತಿದರೆ ಏನಾಗುತ್ತದೆ ಅಂತ ಮಾತ್ರ ಕೇಳಬೇಡಿ. ಅದು ರಹಸ್ಯ. ಬಟನ್ ಇರುವುದೇ ಒತ್ತುವುದಕ್ಕೆ ಅಲ್ವಾ ಅಂದರೆ, ಅದಕ್ಕೇ ರಹಸ್ಯ.

ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಾನೂನು ಹೀಗಿದೆ. ಬಟನ್ ಒತ್ತಿದ ಘಟನೆಗೆ ಕ್ಲಿಕ್ ಈವೆಂಟ್ ಅಂತ ಹೆಸರು, ಆಗ ಓಡುವ ಕೋಡ್ ತುಣುಕಿಗೆ ಹ್ಯಾಂಡ್ಲರ್ ಅಂತ. ಆ ಈವೆಂಟ್ ಮೇಲೆ ಹೊರಗಿನವರಿಗೆ ಎರಡೇ ಹಕ್ಕು: += ಹಾಕಿ ಹ್ಯಾಂಡ್ಲರ್ ಸೇರಿಸುವುದು, -= ಹಾಕಿ ತೆಗೆಯುವುದು. ಅರ್ಜಿ ಕೊಡಬಹುದು, ವಾಪಸ್ ಪಡೆಯಬಹುದು, ಒಳಗೆ ಇನ್ಯಾರ ಅರ್ಜಿ ಇದೆ ಅಂತ ಕೇಳುವ ಹಾಗಿಲ್ಲ. ಲ್ಯಾಂಬ್ಡಾ, ಅಂದರೆ ಹೆಸರಿಲ್ಲದೆ ಅಲ್ಲೇ ಬರೆದ ಕೋಡ್ ತುಣುಕು, ಅದನ್ನು ಸೇರಿಸಿ, ಆಮೇಲೆ ಅದನ್ನೇ ಅಕ್ಷರ ಬಿಡದೆ ಮತ್ತೆ ಬರೆದು -= ಹಾಕಿ ನೋಡಿ. ಹ್ಯಾಂಡ್ಲರ್ ಹೋಗುವುದಿಲ್ಲ. ಹೋಗಲಿಲ್ಲ ಅಂತ ಯಾರೂ ಹೇಳುವುದೂ ಇಲ್ಲ.

ಇದಕ್ಕೆ ಕಾರಣವಿಲ್ಲ ಅಂತಲ್ಲ. ಒಬ್ಬರ ಹ್ಯಾಂಡ್ಲರನ್ನು ಇನ್ನೊಬ್ಬರು ಅಳಿಸಬಾರದಲ್ಲ. ಆದರೆ ತಮಾಷೆ ಇರುವುದು ಮುಂದೆ. ಈ ಹ್ಯಾಂಡ್ಲರ್‌ಗಳೆಲ್ಲ ಕೂತಿರುವ ಜಾಗದ ಹೆಸರು ಈವೆಂಟ್‌ಹ್ಯಾಂಡ್ಲರ್‌ಲಿಸ್ಟ್. ಅದರಲ್ಲಿ ಆಡ್‌ಹ್ಯಾಂಡ್ಲರ್ಸ್ ಎಂಬ ಮೆಥಡ್, ಅಂದರೆ ಹೆಸರು ಹಿಡಿದು ಕರೆದರೆ ಕೆಲಸ ಮಾಡುವ ಕೋಡ್, ಇದೆ. ಒಂದು ಪಟ್ಟಿಯಲ್ಲಿರುವುದನ್ನೆಲ್ಲ ಇನ್ನೊಂದಕ್ಕೆ ಸೇರಿಸುವುದೇ ಅದರ ಕೆಲಸ, ಮತ್ತು ಅದು ಪಬ್ಲಿಕ್, ಯಾರು ಬೇಕಾದರೂ ಕರೆಯಬಹುದು! ಪಟ್ಟಿಯನ್ನು ಕೊಡಬೇಕಾದ ಈವೆಂಟ್ಸ್ ಪ್ರಾಪರ್ಟಿ (ಬಣ್ಣ, ಅಗಲದಂಥ ಒಂದು ಗುಣ) ಮಾತ್ರ ಪ್ರೊಟೆಕ್ಟೆಡ್, ಹೊರಗಿನವರು ಮುಟ್ಟುವಂತಿಲ್ಲ. ಸೇವೆ ಸಾರ್ವಜನಿಕರಿಗೆ, ಕಚೇರಿಗೆ ಪ್ರವೇಶವಿಲ್ಲ.

ಹೀಗಾಗಿ ಎಲ್ಲರೂ ಹಿಂಬಾಗಿಲು ಹಿಡಿದರು. ಅದರ ಹೆಸರು ರಿಫ್ಲೆಕ್ಷನ್: ಪ್ರೋಗ್ರಾಂನ ಖಾಸಗಿ ಭಾಗಗಳನ್ನೂ ಹೆಸರಿನಿಂದ ಹುಡುಕಿ ತೆಗೆಯುವ ದಾರಿ. ವಿಂಡೋಸ್ ಫಾರ್ಮ್ಸ್ ನಿಂತಿರುವ ವೇದಿಕೆ ಡಾಟ್ ನೆಟ್. ಅದರ ಹಳೆಯ ಫ್ರೇಮ್‌ವರ್ಕ್‌ನಲ್ಲಿ, ಬಟನ್‌ಗೆ ಮೂಲವಾದ ಕಂಟ್ರೋಲ್ ಕ್ಲಾಸ್‌ನ ಒಳಗೆ 'ಈವೆಂಟ್‌ಕ್ಲಿಕ್' ಅನ್ನುವ ಖಾಸಗಿ ಫೀಲ್ಡ್, ಅಂದರೆ ಆ ಪಟ್ಟಿಯ ಬೀಗದ ಕೈ ಇಟ್ಟ ಜಾಗ, ಇದೆ. ಅದನ್ನು ಹೆಸರು ಹಿಡಿದು ಕರೆದು, ಅದರ ಕೈಯಲ್ಲಿ ಬೀಗ ತೆಗೆಸಿ, ಹ್ಯಾಂಡ್ಲರನ್ನು ಎತ್ತಿಕೊಂಡು ಬರುವುದು. ವರ್ಷಗಟ್ಟಲೆ ನಡೆಯಿತು. ಹೊಸ ಡಾಟ್ ನೆಟ್‌ನಲ್ಲಿ ಮೈಕ್ರೋಸಾಫ್ಟ್ ಆ ಫೀಲ್ಡ್‌ನ ಹೆಸರನ್ನು 'ಎಸ್_ಕ್ಲಿಕ್‌ಈವೆಂಟ್' ಎಂದು ಬದಲಿಸಿತು. ಖಾಸಗಿ ಫೀಲ್ಡ್, ಅವರ ಮನೆ, ಅವರಿಷ್ಟ. ಹಳೆಯ ಹೆಸರು ಹಿಡಿದು ಕರೆದವರಿಗೆ ನಲ್, ಅಂದರೆ 'ಏನೂ ಇಲ್ಲ', ಸಿಕ್ಕಿತು. ಜಾಣರು ಮೊದಲೇ 'ನಲ್ ಆದರೆ ಸುಮ್ನೆ ವಾಪಸ್ ಹೋಗು' ಅಂತ ಬರೆದಿಟ್ಟಿರುತ್ತಾರೆ. ಹಾಗಾಗಿ ಹೊಸ ಬಟನ್ ಮುದ್ದಾಗಿ ಒತ್ತಿಸಿಕೊಳ್ಳುತ್ತದೆ, ಏನೂ ಮಾಡುವುದಿಲ್ಲ.

ಕದ್ದು ತಂದದ್ದು ಕೆಲಸ ಮಾಡಿದರೆ ಇನ್ನೂ ಕಷ್ಟ. ಪ್ರತಿ ಮಾಡುವ ಕೋಡ್ ಎರಡು ಸಲ ಓಡಿದರೆ ಹ್ಯಾಂಡ್ಲರ್ ಎರಡು ಸಲ ಸೇರುತ್ತದೆ. ಒಮ್ಮೆ ಒತ್ತಿದರೆ ರಸೀದಿ ಎರಡು ಬರುತ್ತದೆ. ಹ್ಯಾಂಡ್ಲರ್ ತಾನು ಹುಟ್ಟಿದ ಫಾರ್ಮ್, ಅಂದರೆ ಬಟನ್ ಇದ್ದ ವಿಂಡೋ, ಅದನ್ನೂ ಜೊತೆಗೇ ಹಿಡಿದುಕೊಂಡು ಬರುತ್ತದೆ. ನೀವು ಹಳೆಯ ಫಾರ್ಮ್ ಮುಚ್ಚಿದ್ದೀರಿ ಅಂದುಕೊಳ್ಳಿ. ಅದು ಮೆಮೊರಿಯಲ್ಲಿ ಹಾಗೇ ಕೂತಿರುತ್ತದೆ, ಹೊಸ ಬಟನ್ ಒತ್ತಿದಾಗ ಆ ಸತ್ತ ಫಾರ್ಮ್‌ನ ಟೆಕ್ಸ್ಟ್‌ಬಾಕ್ಸ್ ಓದಿ ಡೇಟಾಬೇಸ್‌ಗೆ ಬರೆಯುತ್ತದೆ.

1995ರಲ್ಲಿ ಬಂದ ಡೆಲ್ಫಿ ಎಂಬ ಪ್ರೋಗ್ರಾಂ ಕಟ್ಟುವ ಸಲಕರಣೆಯಲ್ಲಿ ಈ ರಗಳೆ ಇರಲಿಲ್ಲ. ಅಲ್ಲಿ ಆನ್‌ಕ್ಲಿಕ್ ಕೂಡ ಒಂದು ಪ್ರಾಪರ್ಟಿ. ಎರಡನೇ ಬಟನ್‌ನ ಆನ್‌ಕ್ಲಿಕ್‌ಗೆ ಮೊದಲನೆಯದರದ್ದನ್ನು ಒಂದೇ ಸಾಲಿನಲ್ಲಿ ಕೊಟ್ಟರೆ ಮುಗಿಯಿತು. ಒಂದು ಸಲಕ್ಕೆ ಒಂದೇ ಹ್ಯಾಂಡ್ಲರ್ ಅನ್ನುವುದೊಂದೇ ಕೊರತೆ. ಆ ಡೆಲ್ಫಿಯ ಮುಖ್ಯ ಶಿಲ್ಪಿ ಆಂಡರ್ಸ್ ಹೈಲ್ಸ್‌ಬರ್ಗ್. ಸಿ ಶಾರ್ಪ್‌ನ ಮುಖ್ಯ ಶಿಲ್ಪಿಯೂ ಅವರೇ. ಬಾಗಿಲು ತೆರೆದಿಟ್ಟವರೇ ಮುಂದಿನ ಮನೆಗೆ ಬೀಗ ಹಾಕಿದರು.

ಬೀಗವನ್ನೇ ಬೈಯುತ್ತಾ ಕೂರುವುದೂ ಸರಿಯಲ್ಲ. ಮೊದಲಿಗೆ ಈ ಕಳ್ಳತನದ ಅಗತ್ಯವೇನು? ಫಾರ್ಮ್ ರೂಪಿಸುವ ಪರದೆಯಾದ ಡಿಸೈನರ್‌ನಲ್ಲಿ ಬಟನ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ 'ಬಟನ್1_ಕ್ಲಿಕ್' ಎಂಬ ಖಾಲಿ ಮೆಥಡ್ ಹುಟ್ಟುತ್ತದೆ. ನಮ್ಮವರು ಅದರೊಳಗೇ ತೆರಿಗೆ ಲೆಕ್ಕ, ಡೇಟಾಬೇಸ್, ಪ್ರಿಂಟರ್, ಕೊನೆಗೊಂದು ಮೆಸೇಜ್ ಬಾಕ್ಸ್, ಎಲ್ಲವನ್ನೂ ತುಂಬುತ್ತಾರೆ. ಆಮೇಲೆ ಮೆನುವಿನಲ್ಲೂ 'ಸೇವ್' ಬೇಕು ಅನ್ನುತ್ತಾರೆ. ಪ್ರಾಪರ್ಟೀಸ್ ವಿಂಡೋದಲ್ಲಿ ಮಿಂಚಿನ ಚಿತ್ರ ಒತ್ತಿದರೆ ಇದ್ದ ಹ್ಯಾಂಡ್ಲರ್‌ಗಳ ಪಟ್ಟಿ ಸಿಗುತ್ತದೆ, ಆರಿಸಿದರೆ ಸಾಕು. ಅಷ್ಟು ಸುಲಭವಾದದ್ದನ್ನು ಯಾರು ಮಾಡುತ್ತಾರೆ? ಕೆಲವರು ರಿಫ್ಲೆಕ್ಷನ್‌ಗೆ ಕೈ ಹಾಕುತ್ತಾರೆ. ಉಳಿದವರು ಮೆನುವಿನಿಂದ 'ಬಟನ್1_ಕ್ಲಿಕ್(ನಲ್, ನಲ್)' ಅಂತ ಕರೆಯುತ್ತಾರೆ. ಆ ಎರಡು ನಲ್‌ಗಳ ಜಾಗ ಯಾರು ಒತ್ತಿದರು, ಏನಾಯಿತು ಅನ್ನುವ ವಿವರದ್ದು. ಯಾರು ಒತ್ತಿದರು? ಯಾರೂ ಇಲ್ಲ. ಏನಾಯಿತು? ಏನೂ ಇಲ್ಲ. ಆದರೂ ಬಿಲ್ ಸೇವ್ ಆಗುತ್ತದೆ. ಒಳಗೆ ಯಾರಾದರೂ 'ಒತ್ತಿದ ಬಟನ್ ಯಾವುದು' ಅಂತ ನೋಡುವ ಸಾಲು ಸೇರಿಸುವ ದಿನದವರೆಗೆ.

2022ರಲ್ಲಿ ಡಾಟ್ ನೆಟ್ 7ರ ಜೊತೆ ವಿಂಡೋಸ್ ಫಾರ್ಮ್ಸ್‌ನ ಬಟನ್‌ಗೂ ಕಮಾಂಡ್ ಎಂಬ ಪ್ರಾಪರ್ಟಿ ಬಂತು, ಪ್ರಿವ್ಯೂ ಎಂಬ ಚೀಟಿ ಅಂಟಿಸಿಕೊಂಡು. ಕೆಲಸವನ್ನು ಬಟನ್‌ನ ಹೊರಗೆ ಇಡಬಹುದು, ಓದಬಹುದು, ಇನ್ನೊಂದು ಬಟನ್‌ಗೂ ಕೊಡಬಹುದು. ಹಿಂಬಾಗಿಲು ಬೇಕಿಲ್ಲ. ಇದನ್ನು ಬಳಸಬೇಕಾದರೆ ಹಳೆಯ ಫ್ರೇಮ್‌ವರ್ಕ್‌ನಿಂದ ಹೊಸದಕ್ಕೆ ಬರಬೇಕು ಅಷ್ಟೇ. ಬಂದರೆ ರಿಫ್ಲೆಕ್ಷನ್ ಕೋಡ್ ಒಡೆಯುತ್ತದೆ. ಅದಕ್ಕೇ ಯಾರೂ ಬರುತ್ತಿಲ್ಲ.