ಘಟ್ಟಕ್ಕೆ ಬಂದ ಟೂಕನ್

ಘಟ್ಟದ ಕಾಡಿನಲ್ಲಿ ಪರಿಸರ ಪ್ರವಾಸೋದ್ಯಮವನ್ನು ಹೇಗೆ ಬೆಳೆಸಬೇಕೆಂಬ ಸಮಾಲೋಚನಾ ಸಭೆಯೊಂದು ಮಂಗಳೂರಿನ ಹವಾನಿಯಂತ್ರಿತ ಸಭಾಂಗಣದಲ್ಲಿ ನಡೆಯಿತು. ನನ್ನನ್ನೂ ಕರೆದಿದ್ದರು. ಬಾಗಿಲಲ್ಲೇ ಪ್ರತಿಯೊಬ್ಬರಿಗೂ ಪರಿಸರಸ್ನೇಹಿ ಬಿದಿರಿನ ಪೆನ್ನೊಂದನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಕೊಟ್ಟರು.

ಸಲಹೆಗಾರರು ಪರದೆಯ ಮೇಲೆ ಮೊದಲಿಗೆ ತೋರಿಸಿದ್ದು ‘ನಮ್ಮ ಹೆಮ್ಮೆಯ ಮಂಗಟ್ಟೆ’ಯ ಚಿತ್ರವನ್ನು. ಕೊಕ್ಕೇನೋ ದೊಡ್ಡದಾಗಿಯೇ ಇತ್ತು. ಆದರೆ ಆ ಹಕ್ಕಿ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿರುವ ಟೂಕನ್ ಆಗಿತ್ತು. ಯೋಜನೆಯನ್ನು ಕೋಸ್ಟರೀಕದಿಂದ ಎತ್ತಿ ತಂದಾಗ ಹಕ್ಕಿಯೂ ಜೊತೆಗೆ ಬಂದಿರಬೇಕು. ತರುವಾಗ ಎಲ್ಲವನ್ನೂ ತಂದಿದ್ದರೆ ನನ್ನ ತಕರಾರಿರಲಿಲ್ಲ. ಅಲ್ಲಿನ ಮನುಯೆಲ್ ಆಂಟೋನಿಯೊ ಉದ್ಯಾನವು ವಾರಕ್ಕೊಂದು ದಿನ ಬಾಗಿಲು ಹಾಕಿಕೊಳ್ಳುತ್ತದೆ, ಕೊರ್ಕೊವಾಡೊ ಕಾಡಿನೊಳಗೆ ಅಧಿಕೃತ ಮಾರ್ಗದರ್ಶಿಯಿಲ್ಲದೆ ಪ್ರವಾಸಿಗರನ್ನು ಬಿಡುವುದಿಲ್ಲ ಎಂಬ ಸಂಗತಿಗಳು ವಿಮಾನದಲ್ಲಿ ತೂಕ ಹೆಚ್ಚಾಯಿತೆಂದು ಅಲ್ಲೇ ಉಳಿದುಬಿಟ್ಟಿದ್ದವು. ಜಿಪ್‌ಲೈನ್ ಮಾತ್ರ ಸುರಕ್ಷಿತವಾಗಿ ತಲುಪಿತ್ತು. ಗಾಜಿನ ಸೇತುವೆ ನಮ್ಮವರದೇ ಸೇರ್ಪಡೆ.

ಮುಂದೆ ಬಂದದ್ದು ಧಾರಣಾ ಸಾಮರ್ಥ್ಯದ ಲೆಕ್ಕ. ಒಂದು ಕಾಲುದಾರಿಯ ಮಣ್ಣು, ಅಲ್ಲಿನ ನೀರು ಮತ್ತು ಪ್ರಾಣಿಗಳು ದಿನಕ್ಕೆ ಎಷ್ಟು ಜನರ ಓಡಾಟವನ್ನು ತಾಳಿಕೊಳ್ಳಬಲ್ಲವು ಎಂಬುದೇ ಧಾರಣಾ ಸಾಮರ್ಥ್ಯವೆಂದು ನಾನು ಇಷ್ಟು ದಿನ ತಪ್ಪು ತಿಳಿದಿದ್ದೆ. ವಾಹನ ನಿಲುಗಡೆಯ ಜಾಗಕ್ಕೆ ಎಷ್ಟು ಕಾರು ಹಿಡಿಯುತ್ತದೋ ಅಷ್ಟೇ ಕಾಡಿನ ಸಾಮರ್ಥ್ಯವೆಂದೂ, ಸಾಲದಿದ್ದರೆ ಜಾಗವನ್ನು ಹಿಗ್ಗಿಸಬಹುದೆಂದೂ ತಿಳಿಯಿತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ನೆರೆದು, ಆಮೇಲೆ ಸರಕಾರವು ಚಾರಣಕ್ಕೆ ಆನ್‌ಲೈನ್ ಕಾಯ್ದಿರಿಸುವಿಕೆ ತರಬೇಕಾಯಿತಲ್ಲ, ಆ ದಿನದ ಫೋಟೊ ಇಲ್ಲಿ ‘ಬೇಡಿಕೆಯ ಪುರಾವೆ’ ಎಂಬ ಶೀರ್ಷಿಕೆಯಡಿ ಕಾಣಿಸಿಕೊಂಡಿತು.

‘ಸವಾಲುಗಳು’ ಎಂಬ ಪುಟದಲ್ಲಿ ಮಳೆ, ಮಂಜು ಮತ್ತು ಇಂಬಳಗಳಿದ್ದವು. ಇಂಬಳ ನಿರ್ವಹಣೆಗೆ ಪ್ರತ್ಯೇಕ ಅನುದಾನವನ್ನೂ ಕೋರಲಾಗಿತ್ತು. ಮಳೆ ಬಾರದ, ಮಂಜು ಕವಿಯದ, ಇಂಬಳ ಕಚ್ಚದ ಕಾಡೇ ಬೇಕಿದ್ದರೆ ನಾವು ಕುಳಿತಿದ್ದ ಆ ಸಭಾಂಗಣವನ್ನೇ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಬಹುದಿತ್ತು.

ಈ ಯೋಜನೆ ಕಣ್ಣಿಟ್ಟಿದ್ದ ಕುದುರೆಮುಖದ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವೆನಿಸಿಕೊಂಡದ್ದು 1987ರಲ್ಲಿ. ಸುಪ್ರೀಂ ಕೋರ್ಟಿನ ತೀರ್ಪಿನಂತೆ ಅಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತದ್ದು 2005ರ ಕೊನೆಗೆ. ಗಣಿಯವರಾದರೂ ಅದಿರು ಮುಗಿದ ಮೇಲೆ ಹೋಗುತ್ತಿದ್ದರು. ನೋಟ ಮುಗಿಯುವ ವಸ್ತುವಲ್ಲ ಎಂದು ಪಕ್ಕದ ಕುರ್ಚಿಯ ಮಿತ್ರರು ಗೊಣಗಿದರು.

ಪ್ರಶ್ನೋತ್ತರದ ಹೊತ್ತಿಗೆ ಹಿಂದಿನ ಸಾಲಿನಿಂದ ಎದ್ದವರು ಕಾಡಿನೊಳಗಿನ ಊರಿನ ಹಿರಿಯ ಮಲೆಕುಡಿಯರೊಬ್ಬರು. “ಸ್ವಾಮಿ, ಮಳೆಗಾಲದಲ್ಲಿ ಹೊಳೆ ದಾಟಲು ನಮಗೊಂದು ಕಾಲುಸಂಕ ಕೊಡಿ ಎಂದು ಕೇಳಿಕೊಂಡು ಬಂದಿದ್ದೇವೆ. ಆ ಗಾಜಿನ ಸಂಕವನ್ನು ನಮ್ಮ ಹೊಳೆಗೇ ಹಾಕಬಹುದಾ? ಮಕ್ಕಳು ಶಾಲೆಗೆ ಹೋಗಲಿಕ್ಕೆ.”

ಅಧ್ಯಕ್ಷರು ಕನ್ನಡಕ ತೆಗೆದು, ಅತ್ಯಂತ ಗೌರವದಿಂದಲೇ, ಅದು ರಾಷ್ಟ್ರೀಯ ಉದ್ಯಾನವಾದ್ದರಿಂದ ಅಲ್ಲಿ ಕಾಂಕ್ರೀಟಿನ ಕಾಮಗಾರಿಗೆ ಕಾನೂನಿನ ತೊಡಕಿದೆಯೆಂದು ವಿವರಿಸಿದರು. ಗಾಜಿನ ಸೇತುವೆಗೆ ಸ್ಥಳೀಯರಿಗೆ ಟಿಕೆಟಿನಲ್ಲಿ ಅರ್ಧ ರಿಯಾಯಿತಿ ಇರುವುದೆಂದೂ ಸೇರಿಸಿದರು. ಅಷ್ಟರಲ್ಲಿ ಗೋಳಿಬಜೆ ಬಂತು.