ಬಂಡೀಪುರ, ನಾಗರಹೊಳೆ ಸಫಾರಿ: ಇರಬೇಕಾ, ನಿಲ್ಲಬೇಕಾ?

2025ರ ನವೆಂಬರ್ 7ರಂದು ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸುವಂತೆ ಅರಣ್ಯ ಸಚಿವ ಈಶ್ವರ ಖಂಡ್ರೆ ಆದೇಶಿಸಿದರು. ಸರಗೂರು ತಾಲ್ಲೂಕಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹುಲಿ ದಾಳಿಗೆ ರೈತರು ಬಲಿಯಾಗಿದ್ದರು. ಸಫಾರಿ, ರೆಸಾರ್ಟ್‌ಗಳ ಗದ್ದಲಕ್ಕೇ ಹುಲಿ ಊರ ಕಡೆ ಬರುತ್ತಿದೆ ಎಂಬುದು ರೈತರ ದೂರು. ಕೆಲಸ ಹೋಯಿತು ಎಂಬುದು ಗೈಡ್, ಚಾಲಕರ ಗೋಳು. ಒಂದು ಆದೇಶ ಬಂದರೂ ಹೋದರೂ ಈ ಜಗಳ ಮುಗಿಯುವಂಥದ್ದಲ್ಲ. ಹುಲಿ ಕಾಡಿನಲ್ಲಿ ಪ್ರವಾಸಿಗರಿಗೆ ಜಾಗ ಇರಬೇಕೇ ಎಂದು ಇಬ್ಬರನ್ನು ಕೇಳಿದೆವು.

ಪರ: ಜೀಪ್ ನಿಂತರೆ ಹುಲಿ ನಿಲ್ಲುತ್ತಾ?
(ಲೇಖಕರು ಕಬಿನಿ ಹಿನ್ನೀರಿನ ಬಳಿ ಸಫಾರಿ ಗೈಡ್)

ನನ್ನ ಮನೆಯ ಅನ್ನ ಸಫಾರಿಯದ್ದು. ಅದಕ್ಕೇ ಇವನು ಪರ ಮಾತಾಡುತ್ತಾನೆ ಅಂತ ಅಂದುಕೊಳ್ಳುವವರು ಅಂದುಕೊಳ್ಳಲಿ. ಆದರೆ ನಾನು ರೈತನ ಮಗನೂ ಹೌದು. ನಮ್ಮ ಹೊಲ ಕಾಡಿನ ಕಂದಕಕ್ಕೆ ಅಂಟಿಕೊಂಡೇ ಇದೆ. ಹತ್ತಿ, ರಾಗಿ, ಒಂದಿಷ್ಟು ಅವರೆ. ಆನೆ ಬಂದು ರಾಗಿ ತುಳಿದಾಗ ನಮ್ಮಮ್ಮ ಆನೆಗೆ ಹಾಕುವ ಶಾಪದಲ್ಲಿ ನನಗೂ ಪಾಲಿರುತ್ತದೆ. ಯಾಕಂದ್ರೆ ನಾನು 'ಫಾರೆಸ್ಟ್‌ನೋರ ಕಡೆಯವನು'.

ಸತ್ತವರ ಮನೆಗೆ ನಾನೂ ಹೋಗಿ ಬಂದಿದ್ದೇನೆ. ಅಲ್ಲಿ ನಿಂತು ಹುಲಿ ಪರ, ಸಫಾರಿ ಪರ ಅಂತ ಯಾರೂ ಬಾಯಿ ತೆರೆಯಲು ಆಗಲ್ಲ. ನಾನೂ ತೆರೆಯಲಿಲ್ಲ. ಆದರೆ ಸಿಟ್ಟು ಇಳಿದ ಮೇಲಾದರೂ ಒಂದು ಪ್ರಶ್ನೆ ಕೇಳಬೇಕಲ್ವಾ? ಜೀಪ್ ನಿಂತರೆ ಹುಲಿ ನಿಲ್ಲುತ್ತಾ?

ಸಫಾರಿ ಗಾಡಿ ಇಡೀ ಕಾಡು ಸುತ್ತುವುದಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಹುಲಿ ಕಾಡುಗಳ ಕೋರ್ ಪ್ರದೇಶದಲ್ಲಿ, ಅಂದರೆ ಒಳಗಿನ ತಿರುಳು ಕಾಡಿನಲ್ಲಿ, ಪ್ರವಾಸವನ್ನೇ ನಿಲ್ಲಿಸಿತ್ತು. ಕೆಲವು ತಿಂಗಳಾದ ಮೇಲೆ, ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹೊಸ ನಿಯಮ ತಂದಾಗ, ತಡೆ ತೆಗೆಯಿತು. ಕೋರ್‌ನ ಶೇ 20ಕ್ಕಿಂತ ಜಾಸ್ತಿ ಜಾಗವನ್ನು ಪ್ರವಾಸಕ್ಕೆ ಬಳಸುವಂತಿಲ್ಲ ಅನ್ನುವುದು ಆ ನಿಯಮ. ಹಾಗಾದರೆ ಉಳಿದ 80 ಭಾಗದಲ್ಲಿ ಜೀಪೂ ಇಲ್ಲ, ಕ್ಯಾಂಟರೂ ಇಲ್ಲ. ಅಲ್ಲಿಯ ಹುಲಿ ಊರಿಗೆ ಬರಲ್ವಾ? ಪೊನ್ನಂಪೇಟೆ ಕಡೆಯ ಕಾಫಿ ತೋಟಗಳಲ್ಲಿ ಹುಲಿ ದನ ಹಿಡಿದಿದೆ, ಜನರನ್ನೂ ಕೊಂದಿದೆ. ತೋಟದೊಳಗೆ ಯಾರು ಸಫಾರಿ ನಡೆಸುತ್ತಿದ್ದರು? ಕೊರೊನಾ ಲಾಕ್‌ಡೌನ್‌ನಲ್ಲಿ ಎಲ್ಲ ಗೇಟು ಮುಚ್ಚಿತ್ತು. ನಮ್ಮೂರಲ್ಲಿ ದನ ಹೋಗುವುದು ಆಗಲೂ ನಿಲ್ಲಲಿಲ್ಲ.

ಹುಲಿ ಬರುವುದಕ್ಕೆ ಕಾರಣ ಬೇರೆ ಇದೆ. 2022ರ ಗಣತಿಯಲ್ಲಿ ರಾಜ್ಯದಲ್ಲಿ 563 ಹುಲಿ. ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಮರಿ ಎರಡು ವರ್ಷದ ಹೊತ್ತಿಗೆ ತಾಯಿಯನ್ನು ಬಿಡುತ್ತದೆ. ಅದಕ್ಕೊಂದು ಜಾಗ ಬೇಕು. ಒಳಗೆ ಎಲ್ಲ ಜಾಗಕ್ಕೂ ಆಗಲೇ ಯಜಮಾನರಿದ್ದಾರೆ. ಗುದ್ದಾಡಿ ಗೆಲ್ಲಲಾಗದ ಎಳೆಯದು, ಸೋತು ಏಟು ತಿಂದ ಮುದಿಯದು, ಎರಡೂ ಅಂಚಿಗೆ ಬರುತ್ತವೆ. ಅಂಚಿನಲ್ಲಿ ಏನಿದೆ? ನಮ್ಮ ಹತ್ತಿ ಹೊಲ. ಎದೆಯೆತ್ತರ ಬೆಳೆದ ಹತ್ತಿಯಲ್ಲಿ ಹುಲಿ ಮಲಗಿದರೆ ಹತ್ತು ಹೆಜ್ಜೆ ದೂರಕ್ಕೂ ಕಾಣಲ್ಲ. ಪಕ್ಕದಲ್ಲೇ ಕಟ್ಟಿದ ದನ. ಕಾಡಿನೊಳಗೆ ನೋಡಿದರೆ ಲಂಟಾನ ಕಳೆ. ಅದರ ಕೆಳಗೆ ಹುಲ್ಲು ಹುಟ್ಟಲ್ಲ, ಹುಲ್ಲಿಲ್ಲದ ಕಡೆ ಜಿಂಕೆ ನಿಲ್ಲಲ್ಲ. ಲಂಟಾನ ಕೀಳಿರಿ ಅಂತ ಯಾರಾದರೂ ರಸ್ತೆ ತಡೆ ಮಾಡಿದ್ದನ್ನು ನಾನು ನೋಡಿಲ್ಲ. ಜೀಪ್ ಎದುರಿಗೇ ಕಾಣುತ್ತದೆ, ಅದರ ಮೇಲೆ ಕಲ್ಲು ಹೊಡೆಯುವುದು ಸುಲಭ.

ಒಂದು ನಡೆದ ಸಂಗತಿ ಹೇಳಬೇಕು. ಇದನ್ನು ಹೇಳದೆ ನನ್ನ ವಾದ ಅರ್ಧ.

ಒಂದು ಮಳೆಗಾಲ ನಮ್ಮ ಪಕ್ಕದ ಊರಲ್ಲಿ ಒಂದಾದ ಮೇಲೊಂದು ಹಸು ಹೋದವು. ಯಾವುದನ್ನೂ ಪೂರ್ತಿ ತಿಂದಿರಲಿಲ್ಲ. ಕತ್ತಿನ ಮೇಲಿನ ಗಾಯವೂ ಸರಿಯಾಗಿ ಬಿದ್ದಿರಲಿಲ್ಲ, ಕಚ್ಚಿ ಕಚ್ಚಿ ಹರಿದ ಹಾಗಿತ್ತು. ದೊಡ್ಡ ಗಂಡು ಹುಲಿ ಅಂದರು ಕೆಲವರು. ಚಿರತೆ ಅಂದರು ಇನ್ನು ಕೆಲವರು. ಬೇರೆ ಕಡೆಯಿಂದ ತಂದು ಬಿಟ್ಟಿದ್ದಾರೆ ಅನ್ನುವವರಂತೂ ಎಲ್ಲ ಊರಲ್ಲೂ ಇರುತ್ತಾರೆ, ಅವರೂ ಬಂದಿದ್ದರು. ನಾನು ಹೋಗಿ ಗಾಯ ನೋಡಿದೆ. ಒಂದು ಕಡೆ ಕೋರೆಹಲ್ಲಿನ ತೂತು ಆಳ, ಇನ್ನೊಂದು ಕಡೆ ಬರೀ ತರಚು.

ಆಗ ನೆನಪಾಯಿತು. ಬೇಸಿಗೆಯಲ್ಲಿ ಒಬ್ಬ ಗೆಸ್ಟ್ ಹೊಂಡದ ಹತ್ತಿರ ಒಂದು ಹೆಣ್ಣು ಹುಲಿಯ ಫೋಟೋ ತೆಗೆದಿದ್ದರು. ಅದು ಆಕಳಿಸಿದ ಗಳಿಗೆ. ಕೆಳಗಿನ ಒಂದು ಕೋರೆಹಲ್ಲು ಬುಡಕ್ಕೇ ಮುರಿದಿತ್ತು. ನಾನೇ ಅದನ್ನು ಜೂಮ್ ಮಾಡಿಸಿ ನೋಡಿ, 'ಅಜ್ಜಿಗೆ ಕಷ್ಟ ಬಂತು' ಅಂದಿದ್ದೆ. ಅವರಿಗೆ ಫೋನ್ ಮಾಡಿದೆ. ಪುಣ್ಯಾತ್ಮರು, ಅರ್ಧ ಗಂಟೆಯಲ್ಲಿ ಆವತ್ತಿನ ಎಲ್ಲ ಫೋಟೋ ಕಳುಹಿಸಿದರು. ಬಲಗಡೆ ಪಕ್ಕೆಯ ಪಟ್ಟೆ ಸ್ಪಷ್ಟವಾಗಿತ್ತು. ಎರಡು ಹುಲಿಯ ಪಟ್ಟೆ ಯಾವತ್ತೂ ಒಂದೇ ಥರ ಇರಲ್ಲ. ಇಲಾಖೆಯವರು ಹಸು ಸತ್ತ ಹೊಲದಂಚಿಗೆ ಕ್ಯಾಮೆರಾ ಕಟ್ಟಿದ್ದರು. ಅದರಲ್ಲಿ ಬಂದದ್ದೂ ಅದೇ ಪಕ್ಕೆ. ಯಾವ ಹುಲಿ ಅಂತ ಗೊತ್ತಾದ ಮೇಲೆ ಎಲ್ಲಿ ಬೋನು ಇಡಬೇಕು ಅನ್ನುವುದೂ ಗೊತ್ತಾಯಿತು. ಹಿಡಿದರು. ಜನರ ಮೇಲೆ ಬೀಳುವ ಮೊದಲೇ ಹಿಡಿದರು. ಬೋನಿನಲ್ಲಿ ಅದನ್ನು ನೋಡಿದಾಗ ಬೆನ್ನುಮೂಳೆ ಎಣಿಸಬಹುದಿತ್ತು.

ಇದಕ್ಕೆ ಏನಂತೀರಿ? ದಿನಾ ಬೆಳಿಗ್ಗೆ, ಸಂಜೆ ಕಾಡಿನ ಒಂದೊಂದು ಝೋನಿನಲ್ಲಿ ಅಷ್ಟು ಕಣ್ಣುಗಳಿರುತ್ತವೆ. ಮುಸುವ ಎಲ್ಲಿ ಕೂಗಿತು, ಕಡವೆ ಯಾಕೆ ಓಡಿತು, ಯಾವ ಹುಲಿ ಕುಂಟುತ್ತಿದೆ, ಯಾವ ಆನೆ ಸೊರಗಿದೆ, ಎಲ್ಲ ನಮಗೆ ಗೊತ್ತಾಗುತ್ತದೆ. ಆ ಕಣ್ಣು ಮುಚ್ಚಿಸಿ ಊರು ಕಾಯುತ್ತೇವೆ ಅಂದರೆ ನನಗಂತೂ ಅರ್ಥ ಆಗಲ್ಲ.

ಸಫಾರಿ ಸಿಬ್ಬಂದಿಯನ್ನು ಹುಲಿ ಹಿಡಿಯಲು ಹಾಕಿ ಅಂತಾರೆ. ಸರಿ. ನನ್ನ ಹತ್ತಿರ ಇರುವುದು ಒಂದು ಬೈನಾಕ್ಯುಲರ್, ಒಂದು ಹಕ್ಕಿ ಪುಸ್ತಕ. ಯಾವುದನ್ನು ತೋರಿಸಿ ಹುಲಿ ಹಿಡಿಯಲಿ?

ದುಡ್ಡಿನ ಮಾತು ಚಿಕ್ಕದು. ಪ್ರತಿ ಹುಲಿ ಕಾಡಿಗೂ ಒಂದು ಪ್ರತಿಷ್ಠಾನ ಇದೆ, ಟಿಕೆಟ್ ಹಣ ಅಲ್ಲಿಗೆ ಹೋಗುತ್ತದೆ. ಕಾಡಿನ ಕೆಲಸಕ್ಕೆ ಬರುತ್ತದೆ. ಊರಿಗೆ ಇನ್ನೂ ಜಾಸ್ತಿ ಬರಬೇಕು, ಒಪ್ಪುತ್ತೇನೆ.

ಆದರೆ ಸಂಬಳದ ಮಾತು ದೊಡ್ಡದು. ನಮ್ಮಪ್ಪ ಕಾಫಿ ಕುಯ್ಲಿಗೆ ಕೊಡಗಿಗೆ ಹೋಗುತ್ತಿದ್ದ. ಬೆಳಗಿನ ಜಾವ ಜೀಪು ಬರುತ್ತಿತ್ತು. ಕೂರಲು ಜಾಗ ಇಲ್ಲದೆ ಹಿಂದೆ ನೇತಾಡಿಕೊಂಡು ಹೋಗುತ್ತಿದ್ದರು. ರಾತ್ರಿ ಬರುವಾಗ ನಾವು ಮಲಗಿರುತ್ತಿದ್ದೆವು. ಎಸ್ಸೆಸ್ಸೆಲ್ಸಿ ಮುಗಿಸಿದ ನಾನೂ ಅದೇ ಜೀಪು ಹತ್ತಬೇಕಿತ್ತು. ಹತ್ತದೆ ರೂಮ್ ಬಾಯ್ ಆದೆ, ಆಮೇಲೆ ಗೈಡ್ ಆದೆ. ಇಂಗ್ಲಿಷ್ ಕಲಿತೆ, ಹಕ್ಕಿಗಳ ಹೆಸರು ಕಲಿತೆ. ನನ್ನ ಜೊತೆ ಬೆಳೆದ ಹುಡುಗರಲ್ಲಿ ಉರುಳು ಹಾಕಿ ಹಂದಿ ಹಿಡಿಯುತ್ತಿದ್ದವರು ಈಗ ಸ್ಟೇರಿಂಗ್ ಹಿಡಿದಿದ್ದಾರೆ. ನವೆಂಬರ್, ಡಿಸೆಂಬರ್ ಅಂದರೆ ನಮಗೆ ಸೀಸನ್. ಅದೇ ಹೊತ್ತಿಗೆ ಗೇಟು ಮುಚ್ಚಿತು. ನಾನು ಕೆಲಸ ಮಾಡುವ ಕಡೆ ಮ್ಯಾನೇಜರು 'ಸ್ವಲ್ಪ ದಿನ ಊರಲ್ಲೇ ಇರಿ' ಅಂದರು. ಸಂಬಳ ಇದೆಯಾ ಅಂತ ಕೇಳಿದ್ದಕ್ಕೆ ನಕ್ಕರು. ನನ್ನ ಜೊತೆಯ ಡ್ರೈವರ್ ಒಬ್ಬ ಆ ವಾರವೇ ಶುಂಠಿ ಹೊಲಕ್ಕೆ ಕೂಲಿಗೆ ಕರೆದೊಯ್ಯುವ ಮೇಸ್ತ್ರಿಗೆ ಫೋನ್ ಮಾಡಿದ.

ವಿರೋಧ: ನಿಲ್ಲಲಿ, ಒಂದಷ್ಟು ತಿಂಗಳಾದರೂ
(ಲೇಖಕರು ಮೈಸೂರಿನ ನಿವೃತ್ತ ಉಪನ್ಯಾಸಕರು, ಹವ್ಯಾಸಿ ಹಕ್ಕಿ ವೀಕ್ಷಕರು)

ವಿರೋಧ ಬರೆಯಲು ರೈತ ಮುಖಂಡರೊಬ್ಬರು ಒಪ್ಪಿದ್ದರಂತೆ. ಕೊಯ್ಲು ಬಂತು, ಆಗಲ್ಲ ಅಂದರಂತೆ. ಹಾಗಾಗಿ ನನ್ನ ಪಾಲಿಗೆ ಬಂತು. ನಾನು ಸಫಾರಿ ದ್ವೇಷಿ ಏನಲ್ಲ. ಕಬಿನಿಯ ದಮ್ಮನಕಟ್ಟೆ ಸಫಾರಿ ಗೇಟಿನಲ್ಲಿ ಸ್ವೆಟರ್ ಹಾಕಿಕೊಂಡು ಸರದಿಯಲ್ಲಿ ನಿಂತವನೇ. ಆದರೂ ಕೇಳಿದ್ದಾರೆ, ಹೇಳಬೇಕಾದದ್ದು ಇದೆ.

ಮೊದಲನೆಯದು, ಹುಲಿ ಊರಿಗೆ ಬಂದ ರಾತ್ರಿ ಬೇಕಾಗುವುದು ಜನ, ಗಾಡಿ, ಡ್ರೋನು, ಸಾಕಿದ ಆನೆ, ಅರಿವಳಿಕೆ ಕೊಡುವ ವೈದ್ಯರು. ಇಲಾಖೆಯಲ್ಲಿ ಇವೆಲ್ಲ ಬೇಕಾದಷ್ಟು ಇಲ್ಲ. ಇರುವ ಗಾಡಿ ಮತ್ತು ಚಾಲಕರು ಬೆಳಿಗ್ಗೆ ಸಂಜೆ ಪ್ರವಾಸಿಗರನ್ನು ಸುತ್ತಿಸುತ್ತಿದ್ದರೆ ರೈತ ಕರೆ ಮಾಡಿದಾಗ ಬರುವವರು ಯಾರು? ಮನೆಯಲ್ಲಿ ಸಾವಾಗಿದೆ, ಎದುರಿನ ರಸ್ತೆಯಲ್ಲಿ ಕ್ಯಾಮೆರಾ ನೇತು ಹಾಕಿಕೊಂಡವರ ಜೀಪು ಹೋಗುತ್ತಿದೆ. ಸಿಟ್ಟು ಬರಲು ಅಷ್ಟು ಸಾಕು. ಜೀಪಿನಿಂದಲೇ ಹುಲಿ ಬಂತಾ ಅನ್ನುವುದು ವಿಜ್ಞಾನಿಗಳ ಚರ್ಚೆ, ನಾನು ಆ ಕಡೆ ಹೋಗುವುದಿಲ್ಲ.

ಎರಡನೆಯದು, ಹುಲಿಗೆ ಏನೂ ಆಗಲ್ಲ, ಅದು ಜೀಪಿನ ಎದುರೇ ಮಲಗಿರುತ್ತದೆ ಅಂತ ಗೈಡ್‌ಗಳು ಹೇಳುತ್ತಾರೆ. ಮಲಗಿರುವುದನ್ನು ನಾನೂ ನೋಡಿದ್ದೇನೆ. ಆದರೆ ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮಧ್ಯಪ್ರದೇಶದ ಬಾಂಧವಗಢ ಮತ್ತು ಕಾನ್ಹಾ ಹುಲಿ ಕಾಡುಗಳಲ್ಲಿ ಹುಲಿಯ ಹಿಕ್ಕೆ ಪರೀಕ್ಷಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಪ್ರವಾಸಿಗರಿರುವ ತಿಂಗಳುಗಳಲ್ಲಿ ಒತ್ತಡದ ಹಾರ್ಮೋನ್ ಜಾಸ್ತಿ ಇತ್ತು. ಹೊರಗೆ ಮಲಗಿದ ಹಾಗೆ ಕಂಡರೂ ಒಳಗೆ ನೆಮ್ಮದಿ ಇಲ್ಲ ಅಂತಾಯಿತು. ಕಾಡುಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರ ಇರಬೇಕು ಅಂತ ಹುಲಿ ಪ್ರಾಧಿಕಾರದ ನಿಯಮವೇ ಇದೆ. 'ಸೈಟಿಂಗ್' ಅಂತ ಸುದ್ದಿ ಬಂದ ಮೇಲೆ ಆ 20 ಮೀಟರ್ ಎಲ್ಲಿ ಹೋಗುತ್ತದೆ ಅಂತ ಸಫಾರಿಗೆ ಹೋದವರಿಗೆಲ್ಲ ಗೊತ್ತು. ಕಪ್ಪು ಚಿರತೆ ಕಾಣಿಸಿಕೊಂಡು ಹೆಸರಾದ ಮೇಲಂತೂ ಕಬಿನಿಗೆ ಬರುವವರಿಗೆ ಕಾಡು ಬೇಡ, ಅದೊಂದು ಫೋಟೋ ಬೇಕು. ಒಮ್ಮೆ ನನ್ನ ಪಕ್ಕ ಕೂತವರು ಸಫಾರಿ ಪೂರ್ತಿ ಫೋನ್ ನೋಡಿಕೊಂಡೇ ಇದ್ದರು, ಹುಲಿ ಬಂದರೆ ಎಬ್ಬಿಸಿ ಅನ್ನುವ ಹಾಗೆ. ಹೆಗ್ಗಾಡಿನ ನಡುವೆ ಒಂದು ಮರಕುಟಿಗ ಅಷ್ಟು ಹತ್ತಿರ ಕೂತು ಮರ ಕುಕ್ಕುತ್ತಿತ್ತು, ತೊಗಟೆಯ ಚೂರು ನಮ್ಮ ಗಾಡಿಯ ಮೇಲೇ ಬೀಳುತ್ತಿತ್ತು. ನಿಲ್ಲಿಸಿ ಅಂದೆ. 'ಸಾರ್, ಆ ಕಡೆ ಕಾಲ್ ಆಗ್ತಿದೆ' ಅಂತ, ಅಂದರೆ ಹುಲಿ ಕಂಡು ಪ್ರಾಣಿಗಳು ಕೂಗುತ್ತಿವೆ ಅಂತ, ಗಾಡಿ ಹೊರಟೇಬಿಟ್ಟಿತು. ಈ ಸಿಟ್ಟು ನನ್ನಲ್ಲಿ ಇನ್ನೂ ಇದೆ. ವಾದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದರೆ ಇರಲಿ ಬಿಡಿ.

ಮೂರನೆಯದು ನಿಜವಾಗಿ ನನ್ನನ್ನು ಕಾಡುವ ಮಾತು. ನಾಗರಹೊಳೆ ಕಾಡಿನೊಳಗೆ ಜೇನು ಕುರುಬ ಆದಿವಾಸಿಗಳಿದ್ದರು. ಹುಲಿಗೆ ತೊಂದರೆ ಅಂತ ಅವರನ್ನು ಹೊರಗೆ ತಂದೆವು. ಆಮೇಲೆ 1990ರ ದಶಕದಲ್ಲಿ ಅದೇ ಕಾಡಿನ ಮೂರ್ಕಲ್‌ನಲ್ಲಿ ದೊಡ್ಡ ಹೋಟೆಲ್ ಕಂಪನಿಗೆ ಜಾಗ ಕೊಟ್ಟರು. ಆದಿವಾಸಿಗಳೇ ಹೋರಾಡಿ, ಹೈಕೋರ್ಟಿಗೆ ಹೋಗಿ, 1997ರಲ್ಲಿ ಅದನ್ನು ನಿಲ್ಲಿಸಿದರು. 2025ರ ಮೇ ತಿಂಗಳಲ್ಲಿ ಕೆಲವು ಜೇನು ಕುರುಬ ಕುಟುಂಬಗಳು ಕರಡಿಕಲ್ಲಿನ ತಮ್ಮ ಹಳೆಯ ಜಾಗಕ್ಕೆ ವಾಪಸು ಹೋಗಿ ಗುಡಿಸಲು ಹಾಕಿದಾಗ ಅಧಿಕಾರಿಗಳೂ ಪೊಲೀಸರೂ ಓಡಿ ಬಂದರು. ಟಿಕೆಟ್ ತೆಗೆದುಕೊಂಡ ನನ್ನನ್ನು ಮಾತ್ರ ಯಾವ ಗೇಟಿನಲ್ಲೂ ಯಾರೂ ತಡೆದಿಲ್ಲ. ಜೇನು ಕೀಳುವವನಿಂದ ಕಾಡಿಗೆ ತೊಂದರೆ, ನನ್ನಿಂದ ಇಲ್ಲ ಅನ್ನುವುದಾದರೆ ಅದನ್ನು ಪರ ಬರೆದವರು ವಿವರಿಸಬೇಕು.

ಸಫಾರಿ ಇಲ್ಲದಿದ್ದರೆ ಕಾಡೇ ಉಳಿಯಲ್ಲ ಅನ್ನುವವರೂ ಇದ್ದಾರೆ. ಕಾಡು ಕಾಯುವವರು ಕಳ್ಳಬೇಟೆ ತಡೆ ಶಿಬಿರದ ವಾಚರ್‌ಗಳು. ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಹತ್ತಾರು ಕಿಲೋಮೀಟರ್ ನಡೆಯುತ್ತಾರೆ. ಅವರ ಫೋಟೋ ಯಾರೂ ತೆಗೆಯುವುದಿಲ್ಲ.

ನಿರ್ಬಂಧ ಹಾಕಿದರೆ ಆಕಾಶ ಬೀಳುತ್ತದೆ ಅಂತ ಹೆದರಿಸುವುದು ಹಳೆಯ ಮಾತು. 2009ರಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಸಂಚಾರ ನಿಂತಾಗಲೂ ಹೇಳಿದರು. ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಕಾರು ಬಿಡುವುದಿಲ್ಲ ಅಂದಾಗಲೂ ಹೇಳಿದರು. ಈಗ ಎಲ್ಲರೂ ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ದೇವರಿಗೆ ಭಕ್ತರೇನೂ ಕಮ್ಮಿಯಾಗಿಲ್ಲ.

ಹಾಗಂತ ಶಾಶ್ವತವಾಗಿ ಮುಚ್ಚಿ ಅಂತ ಬರೆಯಲು ನನಗೆ ಕೈ ಬರುತ್ತಿಲ್ಲ. ಹೊಲದಲ್ಲಿ ಬೆಳೆ ನಿಂತಿರುವ, ಕೊಯ್ಲಿಗೆ ಜನ ಬಗ್ಗಿ ಕೆಲಸ ಮಾಡುವ ತಿಂಗಳುಗಳಲ್ಲಿ, ಅಂದರೆ ನವೆಂಬರ್‌ನಿಂದ ಜನವರಿವರೆಗೆ, ಪ್ರತಿ ವರ್ಷ ನಿಲ್ಲಿಸಿ. ಗಾಡಿ, ಜನ ಎಲ್ಲ ಕಾಡಂಚಿಗೆ ಹೋಗಲಿ. ಅಷ್ಟು ತಿಂಗಳ ಸಂಬಳವನ್ನು ಗೈಡ್, ಚಾಲಕರಿಗೆ ಟಿಕೆಟ್ ಹಣ ಹೋಗುವ ಪ್ರತಿಷ್ಠಾನದಿಂದಲೇ ಕೊಡಿ. ಸೀಸನ್ ಹಾಳಾಗುತ್ತದೆ ಅಂತ ರೆಸಾರ್ಟಿನವರು ಕೂಗುತ್ತಾರೆ, ಕೂಗಲಿ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹುಲ್ಲು ಚಿಗುರಿದಾಗ ಆನೆ ಹಿಂಡು ನೋಡಲು ನಾನೂ ಬರುತ್ತೇನೆ. ಹಿಂದಿನ ಸೀಟಾದರೂ ಪರವಾಗಿಲ್ಲ.