ಆರನೇ ಭಾಗದವರೆಗೆ ದಯವಿಟ್ಟು ಕಾಯಿರಿ

ಪ್ರೋಗ್ರಾಮಿಂಗ್ ಭಾಷೆಗೊಂದು ಕೈಪಿಡಿ ಬರೆಯಬೇಕು ಅಂತಿದ್ದೀರಾ? ಓದುಗನಿಗೆ ಬೇಕಾದದ್ದನ್ನು ಎಲ್ಲಿ ಬಚ್ಚಿಡಬೇಕು ಎಂದು ಮೊದಲು ತೀರ್ಮಾನಿಸಿ. ಮಿಕ್ಕ ಅಧ್ಯಾಯಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ.

ಸಿ ಭಾಷೆಯ ಅಧಿಕೃತ ನಿಯಮಪುಸ್ತಕವಾದ ಐಎಸ್‌ಒ ಮಾನದಂಡವನ್ನೇ ನೋಡಿ. ಮೊದಲ ಭಾಗ, ಈ ದಾಖಲೆಯ ವ್ಯಾಪ್ತಿ. ಎರಡನೆಯದು, ಇದರ ಜೊತೆಗೆ ಬೇಕಾಗುವ ಬೇರೆ ದಾಖಲೆಗಳು. ಆಮೇಲೆ ಪದಗಳ ಅರ್ಥ. ಆಮೇಲೆ ಯಾರು ನಿಯಮ ಪಾಲಿಸಿದ ಹಾಗೆ ಲೆಕ್ಕ ಅನ್ನುವುದು. ಐದರಲ್ಲಿ ಪ್ರೋಗ್ರಾಂ ನಡೆಯುವ ಪರಿಸರ. ಆರನೆಯದರಲ್ಲಿ, ಅಂತೂ ಇಂತೂ, ಭಾಷೆ! ಪರದೆ ಮೇಲೆ 'ಹಲೋ ವರ್ಲ್ಡ್' ಅನ್ನಿಸುವ ಪ್ರಿಂಟ್‌ಎಫ್ ಅಲ್ಲಿದೆಯಾ? ಇಲ್ಲ. ಅದು ಏಳನೇ ಭಾಗದ ಲೈಬ್ರರಿಯಲ್ಲಿ, ಅಂದರೆ ಸಿದ್ಧ ಫಂಕ್ಷನ್‌ಗಳ ಪಟ್ಟಿಯಲ್ಲಿ.

ಏಳರಲ್ಲಾದರೂ ಸಿಕ್ಕಿತಲ್ಲ, ಪುಣ್ಯ. 1960ರಲ್ಲಿ 13 ಜನ ಘನ ವಿದ್ವಾಂಸರು ಪ್ಯಾರಿಸ್‌ನಲ್ಲಿ ಸೇರಿ ಆಲ್ಗಾಲ್ 60 ಭಾಷೆ ರೂಪಿಸಿದರು. ಭಾಷೆಯನ್ನು ವಿವರಿಸುವ ವರದಿ ಎಷ್ಟು ಅಚ್ಚುಕಟ್ಟೆಂದರೆ, ವ್ಯಾಕರಣ ಬರೆಯಲು ಅವರು ಬಳಸಿದ ಬಿಎನ್‌ಎಫ್ ಪದ್ಧತಿ ಇವತ್ತಿಗೂ ಚಾಲ್ತಿಯಲ್ಲಿದೆ. ಎಂಥ ಲೆಕ್ಕ ಬೇಕಾದರೂ ಮಾಡಿಸಬಹುದು. ಉತ್ತರ ಅಚ್ಚು ಹಾಕಿಸುವ ಆಜ್ಞೆ ಮಾತ್ರ ವರದಿಯಲ್ಲಿಲ್ಲ! ಅಂಕಿ ಒಳಗೆ ಕಳಿಸುವುದಕ್ಕೂ ಇಲ್ಲ. ಮದುವೆ ಕರೆಯೋಲೆಯಲ್ಲಿ ಎರಡೂ ಕಡೆಯ ಚಿಕ್ಕಪ್ಪ ದೊಡ್ಡಪ್ಪಂದಿರ ಹೆಸರೆಲ್ಲ ಹಾಕಿಸಿ, ಛತ್ರದ ವಿಳಾಸ ಬಿಟ್ಟ ಹಾಗಾಯಿತು.

ಸುಮ್ನೆ ಕೂತಿದ್ದರು ಅಂದುಕೊಳ್ಳಬೇಡಿ. ಆಲ್ಗಾಲ್‌ಗಾಗಿ 1958ರಲ್ಲಿ ಜ್ಯೂರಿಕ್‌ನಲ್ಲಿ ಸಭೆ ಸೇರಿದಾಗ, ದಶಮಾಂಶಕ್ಕೆ ಚುಕ್ಕೆ ಇಡಬೇಕೋ ಅಲ್ಪವಿರಾಮವೋ ಎಂದು ಅಮೆರಿಕದವರಿಗೂ ಯುರೋಪಿನವರಿಗೂ ಜಟಾಪಟಿಯೇ ನಡೆಯಿತಂತೆ. ಕೊನೆಗೆ ರಾಜಿ ಆಯಿತು: ಒಂದೇ ಭಾಷೆಗೆ ಮೂರು ಅವತಾರ. ಪರಾಮರ್ಶೆಗೊಂದು, ಅಚ್ಚಿಗೊಂದು, ಯಂತ್ರಕ್ಕೊಂದು. ಎಲ್ಲರೂ ಗೆದ್ದು ಮನೆಗೆ ಹೋದರು. ಕಮಿಟಿ ಅಂದರೆ ಹೀಗಿರಬೇಕು, ಅಲ್ವಾ?

ಪೈಥಾನ್‌ನವರು ಮಾತ್ರ ಮುಚ್ಚುಮರೆ ಮಾಡಿಲ್ಲ. ಮಂಗಳ ಗ್ರಹದಿಂದ ಬಂದವರು ತಮ್ಮ ಭಾಷಾ ಕೈಪಿಡಿಯೊಂದನ್ನೇ ನಂಬಿ ಪೈಥಾನ್ ಕಟ್ಟಹೊರಟರೆ ಬೇರೆಯೇ ಭಾಷೆ ತಯಾರಾದೀತು ಎಂದು ಪೀಠಿಕೆಯಲ್ಲೇ ಬರೆದುಕೊಂಡಿದ್ದಾರೆ. ಮಂಗಳದವರ ಬಗ್ಗೆ ಇಷ್ಟು ಕಾಳಜಿ! ಮೊದಲ ಸೆಮಿಸ್ಟರ್ ಹುಡುಗಿಯ ಕಥೆ? ಅವಳಿಗೆ ಬೇಕಾದ ಪ್ರಿಂಟ್ ಮೊದಲು ಇದೇ ಕೈಪಿಡಿಯಲ್ಲಿತ್ತು. 2008ರಲ್ಲಿ ಪೈಥಾನ್ 3 ಬಂದಾಗ ಅದನ್ನು ಭಾಷೆಯ ಆಜ್ಞೆಯಿಂದ ಫಂಕ್ಷನ್ ಆಗಿ ಬದಲಿಸಿ, ಪಕ್ಕದ ಲೈಬ್ರರಿ ಕೈಪಿಡಿಗೆ ವರ್ಗ ಮಾಡಿದರು. ಖಾಲಿಯಾದ ಜಾಗಕ್ಕೆ ಬೇರೆ ಯಾರನ್ನೂ ಹಾಕಿಲ್ಲ.